ಮಳೆ, ಒಂಬತ್ತು ಜನ, ಎರಡು ದಿನ: ಬೆಂಗಳೂರಲ್ಲಿ ಸೂರಿನಡಿ ಎಲ್ಲಿಗೆ ಹೋಗೋಣ?

ವಿಜಯನಗರದ ಸೊಸೆ ಕೇಳಿದ್ದು:

ದಸರಾ ರಜೆಗೆ ಶಿರಸಿಯಿಂದ ನಮ್ಮ ಮನೆಗೆ ಜನ ಬರುತ್ತಿದ್ದಾರೆ. ಶನಿವಾರ ಬೆಳಿಗ್ಗೆ ಬಸ್ಸಿಳಿಯುತ್ತಾರೆ. ಸೋಮವಾರ ಅತ್ತೆಯ ಮಂಡಿ ಡಾಕ್ಟರಿಗೆ ತೋರಿಸಬೇಕು. ನಡುವೆ ಎರಡು ದಿನ ಖಾಲಿ. ಮಳೆಯಂತೂ ಮಧ್ಯಾಹ್ನ ಮೂರಕ್ಕೆ ಗಂಟೆ ಹೊಡೆದ ಹಾಗೆ ಶುರುವಾಗುತ್ತಿದೆ. ಹಾಗಾಗಿ ಲಾಲ್‌ಬಾಗ್, ಬನ್ನೇರುಘಟ್ಟ ಅಂತ ಯಾರೂ ಹೇಳಬೇಡಿ. ಸೂರಿರುವ ಜಾಗ ಬೇಕು.

ಒಟ್ಟು ಒಂಬತ್ತು ಜನ. ಅತ್ತೆಗೆ 71. ಎಡಗಾಲಿನ ಮಂಡಿ ಆಪರೇಷನ್ ಆಗಿದೆ, ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಭಾವ, ಓರಗಿತ್ತಿ. ಅವರ ಮಗ ಒಂಬತ್ತನೇ ಕ್ಲಾಸು, ಊಟದ ತಟ್ಟೆ ಮುಂದೆಯೂ ಮೊಬೈಲಿಂದ ತಲೆ ಎತ್ತುವುದಿಲ್ಲ. ಮಗಳಿಗೆ ಎಂಟು. ನಾನು, ನಮ್ಮವರು, ನಮ್ಮ ಐದು ವರ್ಷದ ಮಗಳು. ಜೊತೆಗೆ ನನ್ನ ಹಾಸ್ಟೆಲ್ ಕಾಲದ ಗೆಳತಿ ಒಬ್ಬಳು, ಅವಳು ಎಲ್ಲಿಗೆ ಕರೆದರೂ ಬರುತ್ತಾಳೆ, ಅವಳ ಚಿಂತೆ ಇಲ್ಲ.

ಕಳೆದ ವರ್ಷ ಹೀಗೇ ಬಂದಿದ್ದರು. ಒಂದು ಮಾಲ್‌ನೊಳಗಿನ ಗೇಮ್ ಝೋನ್‌ಗೆ ಹೋಗಿದ್ದೆವು. ಯಾವುದು ಅಂತ ಹೇಳುವುದಿಲ್ಲ, ಹೇಳಿ ಏನೂ ಆಗಬೇಕಿಲ್ಲ. ಕೌಂಟರಿನಲ್ಲಿ ಕಾರ್ಡಿಗೆ 2000 ರೂಪಾಯಿ ಹಾಕಿಸಿದೆವು. ಮಕ್ಕಳು ಕಾರ್ಡ್ ತೋರಿಸಿದ್ದೇ ತೋರಿಸಿದ್ದು, 35 ನಿಮಿಷಕ್ಕೆ ಮುಗಿಯಿತು. ಮುಗಿಯಿತು ಅಂದರೆ ಪೂರ್ತಿ ಮುಗಿಯಲಿಲ್ಲ. 60 ರೂಪಾಯಿ ಉಳಿಯಿತು, ಆ 60ಕ್ಕೆ ಆಡುವಂಥದ್ದು ಒಂದೂ ಇರಲಿಲ್ಲ, ವಾಪಸ್ಸೂ ಕೊಡುವುದಿಲ್ಲವಂತೆ. ಆ ಕಾರ್ಡು ಇವತ್ತಿಗೂ ನಮ್ಮ ಫ್ರಿಜ್ ಮೇಲಿದೆ.

ಅತ್ತೆ ಅಷ್ಟೂ ಹೊತ್ತು ಹೊರಗೆ ಸ್ಟೀಲ್ ಬೆಂಚಿನ ಮೇಲೆ ನಮ್ಮೆಲ್ಲರ ಚಪ್ಪಲಿ, ಬ್ಯಾಗು ಕಾಯುತ್ತ ಕೂತಿದ್ದರು. ತಲೆನೋವು ಬಂತು ಅಂದರು. ಈ ಸಲ "ನೀವೆಲ್ಲ ಹೋಗಿ ಬನ್ನಿ, ನಾನು ಮನೇಲಿ ಟೀವಿ ನೋಡ್ಕಂಡು ಇರ್ತೆ" ಅಂತ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ. ಅವರನ್ನು ಬಿಟ್ಟು ಹೋಗುವುದಾದರೆ ನನಗೆ ಹೋಗುವುದೇ ಬೇಡ.

ಮೆಟ್ರೋ ಹತ್ತಿರ ಇದ್ದರೆ ಅನುಕೂಲ. ಕಾರಿನಲ್ಲಿ ಐದೇ ಜನ ಹಿಡಿಸುವುದು. ಖರ್ಚು ಸ್ವಲ್ಪ ಆದರೂ ಪರವಾಗಿಲ್ಲ, ಸುಮ್ನೆ ಹೋಯಿತು ಅನ್ನಿಸಬಾರದು.

ರಾಜಾಜಿನಗರ ಬ್ಲಾಕ್:

ಇಷ್ಟೊಂದು ಯೋಚನೆ ಏಕೆ? ನಿಮ್ಮ ಕಡೆಯಿಂದ ಲುಲು ಹತ್ತಿರ, ಒರಾಯನ್ ಹತ್ತಿರ, ಮಂತ್ರಿ ಮಾಲ್‌ಗಂತೂ ಮೆಟ್ರೋ ಸ್ಟೇಷನ್ನಿನಿಂದಲೇ ದಾರಿ. ಮಕ್ಕಳಿಗೆ ಆಟ, ದೊಡ್ಡವರಿಗೆ ಸಿನಿಮಾ, ಎಲ್ಲರಿಗೂ ಫುಡ್ ಕೋರ್ಟ್. ಲಿಫ್ಟ್ ಇದೆ, ಎಸ್ಕಲೇಟರ್ ಇದೆ, ಟಾಯ್ಲೆಟ್ ಚೊಕ್ಕಟವಾಗಿರುತ್ತದೆ. ಮುಗಿಯಿತಲ್ಲ.

ವಿಜಯನಗರದ ಸೊಸೆ:

ಕಳೆದ ಸಲ ಇದನ್ನೇ ಮಾಡಿದ್ದು ಸ್ವಾಮಿ! ಅತ್ತೆಗೆ ಎಸ್ಕಲೇಟರ್ ಕಂಡರೆ ಹೆದರಿಕೆ. ಮೊದಲ ಮೆಟ್ಟಿಲಿನ ಮುಂದೆ ನಿಂತು ಕಾಲು ಎತ್ತುವುದು, ಇಳಿಸುವುದು, ಹಿಂದೆ ಜನ ಸಾಲುಗಟ್ಟುವುದು. ಟಾಯ್ಲೆಟ್ ವಿಷಯ ಮಾತ್ರ ನೂರಕ್ಕೆ ನೂರು ನಿಜ, ಒಪ್ಪಿಕೊಂಡೆ.

ಹಳೇ ಪಾಳಿಯವನು:

ನಾನು ಉತ್ತರ ಕೊಡಬಹುದು ಅನ್ನಿಸುತ್ತದೆ. ಇಂಥದ್ದೇ ಒಂದು ಕಡೆ ಮೂರು ವರ್ಷ ಕೆಲಸ ಮಾಡಿದ್ದೇನೆ. ಮೊದಲು ಗೇಮ್ ಫ್ಲೋರಿನಲ್ಲಿ, ಆಮೇಲೆ ಬೌಲಿಂಗ್ ಕೌಂಟರಿನಲ್ಲಿ ಶೂ ಕೊಡುವ ಕೆಲಸ. ಈಗ ಬೇರೆ ಕೆಲಸ, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ನಿಮ್ಮ ಅತ್ತೆಯಂಥವರನ್ನು ದಿನಾ ನೋಡುತ್ತಿದ್ದೆ. ಪ್ರತಿ ಕುಟುಂಬದಲ್ಲೂ ಒಬ್ಬರು ಬ್ಯಾಗ್ ಕಾಯುವವರು ಇರುತ್ತಾರೆ. ಅವರು ಎದ್ದು "ಸಾಕು, ಹೊರಡೋಣ" ಅಂದ ತಕ್ಷಣ ಇಡೀ ಗುಂಪು ಹೊರಡಬೇಕು. ಅವರಿಗೆ ಕೂರಲು ಸರಿಯಾದ ಜಾಗ ಸಿಕ್ಕು, ನೋಡಲು ಏನಾದರೂ ಇದ್ದರೆ ಉಳಿದವರೂ ಇನ್ನೊಂದು ಗಂಟೆ ಆಡುತ್ತಾರೆ. ಹಾಗಾಗಿ ಯಾವ ಆಟ ಚೆನ್ನಾಗಿದೆ ಅಂತ ಹುಡುಕಬೇಡಿ. ಆಡದವರು ಎಲ್ಲಿ ಕೂರುತ್ತಾರೆ ಅಂತ ಹುಡುಕಿ.

ಗೇಮ್ ಝೋನಿನಲ್ಲಿ ಅವರಿಗೆ ಜಾಗ ಇಲ್ಲ. ನಿಂತು ಆಡುವ ಯಂತ್ರಗಳು, ಒಂದೊಂದೂ ಯಾರೂ ಆಡದಿದ್ದರೂ ಕೂಗುತ್ತಲೇ ಇರುತ್ತದೆ. ಐವತ್ತು ಯಂತ್ರ ಐವತ್ತು ಹಾಡು. ಮೊದಲ ವಾರ ರಾತ್ರಿ ಮಲಗಿದಾಗಲೂ ನನ್ನ ಕಿವಿಯಲ್ಲಿ ಅದೇ ಕೇಳುತ್ತಿತ್ತು. ನಿಮ್ಮ ಅತ್ತೆಗೆ ತಲೆನೋವು ಬಂದಿದ್ದು ಸಹಜ.

ಆ ಕಾರ್ಡಿನ ವಿಷಯ. ಯಂತ್ರದ ಮೇಲೆ ರೂಪಾಯಿ ಬರೆದಿರುವುದು ಕಡಿಮೆ, ಪಾಯಿಂಟೋ ಕ್ರೆಡಿಟ್ಟೋ ಇರುತ್ತದೆ. ನೋಟು ಕೈಬಿಟ್ಟು ಹೋಗುವುದು ಕಾಣುವುದಿಲ್ಲ, ಅಲ್ವಾ? ಹಾಕಿಸುವ ಮೊದಲೇ ಕೇಳಿ: ಉಳಿದದ್ದು ವಾಪಸ್ ಸಿಗುತ್ತಾ, ಎಷ್ಟು ದಿನ ಬಾಳುತ್ತೆ, ಕಾರ್ಡಿಗೇ ಬೇರೆ ದುಡ್ಡಾ. ಮೊದಲು ಕಡಿಮೆ ಹಾಕಿಸಿ. ಕೌಂಟರಿನವನು "ಇಷ್ಟು ಹಾಕಿದರೆ ಇಷ್ಟು ಫ್ರೀ" ಅನ್ನುತ್ತಾನೆ. ನಾನೂ ಹೇಳುತ್ತಿದ್ದೆ, ಹೇಳಲೇಬೇಕಿತ್ತು.

ಗೊಂಬೆ ಎತ್ತುವ ಕೊಕ್ಕೆಯ ಯಂತ್ರ ಮಕ್ಕಳು ಕೇಳಿಯೇ ಕೇಳುತ್ತಾರೆ. ಆ ಕೊಕ್ಕೆ ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದಕ್ಕೆ ಒಳಗೆ ಸೆಟ್ಟಿಂಗ್ ಇರುತ್ತದೆ. ಹಿಡಿದ ಹಾಗೆ ಮಾಡಿ ಮೇಲೆ ಹೋದಮೇಲೆ ಸಡಿಲ ಬಿಡುತ್ತದಲ್ಲ, ಅದು ನಿಮ್ಮ ಮಗಳ ಕೈಯ ತಪ್ಪಲ್ಲ. ಎರಡು ಸಲ ಆಡಿಸಿ, ಮೂರನೇ ಸಲಕ್ಕೆ ಎತ್ತಿಕೊಂಡು ನಡೆಯಿರಿ. ಗೊಂಬೆಯನ್ನಲ್ಲ, ಮಗಳನ್ನು.

ಟ್ರಾಂಪೊಲಿನ್ ಪಾರ್ಕ್‌ಗಳು, ಅಂದರೆ ಪುಟಿಯುವ ಹಾಸಿನ ಮೇಲೆ ಕುಣಿಯುವ ಜಾಗಗಳು, ಹುಡುಗರಿಗೆ ಬಲು ಇಷ್ಟ. ನಿಮ್ಮ ಒಂಬತ್ತನೇ ಕ್ಲಾಸಿನವನು ಅಲ್ಲಿ ಮೊಬೈಲ್ ಇಟ್ಟೇ ಇಡುತ್ತಾನೆ, ಯಾಕೆಂದರೆ ಜೇಬಿನಲ್ಲಿ ಇಟ್ಟುಕೊಂಡು ಕುಣಿಯುವ ಹಾಗಿಲ್ಲ. ಆದರೆ ಐದು ವರ್ಷದವಳನ್ನೂ ಅವನನ್ನೂ ಒಂದೇ ಚೌಕದಲ್ಲಿ ಕುಣಿಯಲು ಬಿಡಬೇಡಿ. ಭಾರದವನು ಕೆಳಗಿಳಿದಾಗ ಹಗುರದವಳು ಚೆಂಡಿನ ಹಾಗೆ ಮೇಲೆ ಹಾರುತ್ತಾಳೆ. ಕಾಲು ಉಳುಕಿದ್ದು ನಾನು ನೋಡಿದ್ದು ಜಾಸ್ತಿ ಹೀಗೇ. ಅತ್ತೆಗೆ ಅಲ್ಲೂ ಕೆಲಸವಿಲ್ಲ. ಬಿಡಿ.

ನನ್ನ ಸಲಹೆ ಬೌಲಿಂಗ್. ಕ್ರಿಕೆಟ್ಟಿನದ್ದಲ್ಲ, ಲೇನು ಅನ್ನುವ ಉದ್ದನೆಯ ಹಾದಿಯಲ್ಲಿ ಭಾರದ ಚೆಂಡು ಉರುಳಿಸಿ ಆ ತುದಿಯಲ್ಲಿ ನಿಲ್ಲಿಸಿದ ಪಿನ್ನು ಬೀಳಿಸುವ ಆಟ. ಒಬ್ಬರು ಆಡುವಾಗ ಉಳಿದ ಎಂಟು ಜನ ಕೂತು ನೋಡುವ ಆಟ ಇದೊಂದೇ. ಲೇನಿನ ಹಿಂದೆಯೇ ಸೋಫಾ ಇರುತ್ತದೆ, ಮುಂದೆ ಮೇಜು. ತಲೆ ಮೇಲೆ ಪರದೆಯಲ್ಲಿ ಎಲ್ಲರ ಹೆಸರು, ಅಂಕ. ಮೊಬೈಲ್ ಹುಡುಗನ ಸರದಿ ಬಂದಾಗ ಎಲ್ಲರೂ ಸೇರಿ ಅವನ ಹೆಸರು ಕೂಗಬೇಕು, ಎದ್ದೇ ಏಳುತ್ತಾನೆ.

ಕೆಲವು ವಿಷಯ ಮೊದಲೇ ತಿಳಿದಿರಲಿ. ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್ನಿನವರೆಗೆ 60 ಅಡಿ. ಹತ್ತು ಪಿನ್ನು, ಒಂದೊಂದೂ ಒಂದೂವರೆ ಕಿಲೋ ಆಸುಪಾಸು. ಚೆಂಡಿನ ಮೇಲೆ ನಂಬರು ಬರೆದಿರುತ್ತದೆ, ಅದು ಪೌಂಡು. 6ರಿಂದ 16ರವರೆಗೆ. ಗಂಡಸರು ಬಂದವರೇ ಜಂಬಕ್ಕೆ 14 ಎತ್ತುತ್ತಾರೆ, ನಾಲ್ಕನೇ ಸರದಿಗೆ ಭುಜ ನೀವಿಕೊಂಡು ಬಂದು 10 ತೆಗೆದುಕೊಳ್ಳುತ್ತಾರೆ. ಮೊದಲೇ 10 ತೆಗೆದುಕೊಳ್ಳಿ. ತೂಕಕ್ಕಿಂತ ಮುಖ್ಯ ಹೆಬ್ಬೆರಳಿನ ತೂತು. ಬೆರಳು ಸಲೀಸಾಗಿ ಒಳಗೆ ಹೋಗಿ ಸಲೀಸಾಗಿ ಹೊರಗೆ ಬರಬೇಕು. ಬಿಗಿಯಾದರೆ ಚೆಂಡು ಕೈಬಿಡುವುದಿಲ್ಲ, ಸಡಿಲಾದರೆ ಹಿಂದಕ್ಕೇ ಬೀಳುತ್ತದೆ. ಹಿಂದೆ ನಿಮ್ಮ ಅತ್ತೆ ಕೂತಿರುತ್ತಾರೆ.

ಗೆರೆ ದಾಟಬೇಡಿ. ನಿಯಮಕ್ಕೆ ಹೇಳುತ್ತಿಲ್ಲ. ಲೇನಿಗೆ ಎಣ್ಣೆ ಹಚ್ಚಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಚೆಂಡು ಬಿಟ್ಟ ಖುಷಿಗೆ ಎರಡು ಹೆಜ್ಜೆ ಓಡಿ ಹೋದ ಭಾವಂದಿರು ಬೆನ್ನಡಿಯಾಗಿ ಬಿದ್ದದ್ದನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೆ.

ಪುಟ್ಟವಳಿಗೆ ಎರಡು ಅನುಕೂಲ ಕೇಳಿ. ಒಂದು ಬಂಪರ್, ಅಂದರೆ ಎರಡೂ ಬದಿಯ ಚರಂಡಿಗೆ ಅಡ್ಡಪಟ್ಟಿ. ಇನ್ನೊಂದು ಚೆಂಡನ್ನು ಮೇಲಿಟ್ಟು ತಳ್ಳುವ ಜಾರುಬಂಡಿಯಂಥ ಸ್ಟ್ಯಾಂಡು. ಎರಡೂ ಎಲ್ಲ ಕಡೆ ಇರುವುದಿಲ್ಲ, ಬುಕ್ ಮಾಡುವಾಗಲೇ ಕೇಳಿ. ಆಟ ಶುರುವಾದಮೇಲೆ ಕೇಳಿದರೆ ನನ್ನಂಥವನು "ನೋಡ್ತೀನಿ ಮೇಡಂ" ಅಂತ ಹೋದವನು ವಾಪಸ್ ಬರುವುದಿಲ್ಲ.

ಕಾಲುಚೀಲ ಮನೆಯಿಂದ ಒಯ್ಯಿರಿ. ಬೌಲಿಂಗ್ ಶೂ ಅವರದ್ದು, ಬರಿಗಾಲಿಗೆ ಕೊಡುವುದಿಲ್ಲ. ಊರಿಂದ ಚಪ್ಪಲಿ ಹಾಕಿಕೊಂಡು ಬಂದವರಿಗೆ ಅಲ್ಲೇ ಕಾಲುಚೀಲ ಕೊಳ್ಳಬೇಕಾಗುತ್ತದೆ.

ಹೊತ್ತು ಬಹಳ ಮುಖ್ಯ. ಶನಿವಾರ, ಭಾನುವಾರ ಸಂಜೆ 4ರಿಂದ 8 ಬೇಡವೇ ಬೇಡ, ಅದೂ ದಸರಾ ರಜೆಯಲ್ಲಿ. ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಹೊಸಬರಿಗೆ ತಲೆಗೆ ಹತ್ತು ನಿಮಿಷ ಹಿಡಿಯಿರಿ. ಆರು ಜನ ಆಡಿದರೆ ಒಂದು ಗಂಟೆ. ಅಷ್ಟು ಸಾಕು, ಎರಡನೇ ಆಟಕ್ಕೆ ಎಲ್ಲರ ಕೈಯೂ ಸೋತಿರುತ್ತದೆ.

ನಿಮಗೆ ನೇರಳೆ ಮೆಟ್ರೋ ಇದೆ. ಎಂ.ಜಿ. ರೋಡಿನಲ್ಲಿ ಇಳಿದರೆ ಚರ್ಚ್ ಸ್ಟ್ರೀಟಿನ ಅಮೀಬಾ ನಡೆಯುವಷ್ಟೇ ದೂರ. ಊರಿನ ಹಳೆಯ ಬೌಲಿಂಗ್ ಜಾಗಗಳಲ್ಲಿ ಅದೂ ಒಂದು. ನಾನು ಕೆಲಸ ಮಾಡಿದ್ದು ಅಲ್ಲಲ್ಲ, ಹಾಗಾಗಿ ಕಮಿಷನ್ ಅಂದುಕೊಳ್ಳಬೇಡಿ. ದೊಡ್ಡ ಮಾಲ್‌ಗಳಲ್ಲೂ ಕೆಲವು ಕಡೆ ಇದೆ.

ನಿವೃತ್ತ ವಿಜ್ಞಾನ ಮೇಷ್ಟ್ರು:

ಬೌಲಿಂಗ್ ಒಂದು ದಿನಕ್ಕಾಯಿತು. ಇನ್ನೊಂದು ದಿನಕ್ಕೆ ನನ್ನ ಮಾತು ಕೇಳಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. 31 ವರ್ಷ ಹೈಸ್ಕೂಲ್ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನು. ನೀವೂ ಬಹುಶಃ ಶಾಲೆಯ ಟೂರಿನಲ್ಲಿ ಹೋಗಿ ಸಾಲಿನಲ್ಲಿ ನಡೆದು ಹೊರಬಂದಿರುತ್ತೀರಿ. ಅದು ನೋಡಿದ ಲೆಕ್ಕಕ್ಕಿಲ್ಲ. ಟೂರಿನಲ್ಲಿ ಮೇಷ್ಟ್ರು "ನಡೀರಿ ನಡೀರಿ" ಅನ್ನುತ್ತಾರೆ. ನಾನೂ ಅಂದಿದ್ದೇನೆ, ಈಗ ಬೇಜಾರಾಗುತ್ತದೆ.

1962ರ ಜುಲೈ 14ರಂದು ನೆಹರೂ ಉದ್ಘಾಟಿಸಿದ್ದು. ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ. ಬಾಗಿಲಲ್ಲೇ ದೊಡ್ಡ ಡೈನೋಸಾರ್ ತಲೆ ಅಲ್ಲಾಡಿಸಿ ಕೂಗುತ್ತದೆ. ನಿಮ್ಮ ಐದು ವರ್ಷದವಳು ಹೆದರಿದರೆ ಎತ್ತಿಕೊಳ್ಳಿ, ಎರಡನೇ ಸಲ ಅವಳೇ ಹತ್ತಿರ ಹೋಗುತ್ತಾಳೆ. ರೈಟ್ ಸಹೋದರರು ಹಾರಿಸಿದ ವಿಮಾನದ ಅಷ್ಟೇ ಅಳತೆಯ ಪ್ರತಿಕೃತಿ ಇದೆ. ಬಟ್ಟೆ, ಮರ, ತಂತಿ. ಅದರ ಮುಂದೆ ನಿಂತು ಹುಡುಗನಿಗೆ ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಪೈಲಟ್ ಕೂರೋದೆಲ್ಲಿ?" ಕೂರುವುದಿಲ್ಲ, ಅಂಗಾತ ಅಲ್ಲ, ಬೋರಲು ಮಲಗುವುದು. ಉತ್ತರ ನೀವು ಹೇಳಬೇಡಿ.

ಅತ್ತೆಯವರಿಗೆ ನೆಲಮಹಡಿಯ ಇಂಜಿನ್ ಹಾಲ್ ಸಾಕು. ಎಲ್ಲ ಮಹಡಿ ಹತ್ತಿಸುವ ಹಟ ಬೇಡ. ಅಲ್ಲಿ ಇಂಜಿನ್ನುಗಳನ್ನು ಹಲಸಿನ ಹಣ್ಣಿನ ಹಾಗೆ ಸೀಳಿ ಇಟ್ಟಿದ್ದಾರೆ, ಒಳಗಿನದ್ದೆಲ್ಲ ಕಾಣುತ್ತದೆ. ಗುಂಡಿ ಒತ್ತಿದರೆ ತಿರುಗುತ್ತದೆ. ಶಿರಸಿ ಕಡೆ ಅಂದಿರಿ. ತೋಟಕ್ಕೆ ನೀರೆತ್ತುವ ಡೀಸೆಲ್ ಪಂಪು, ಅಕ್ಕಿ ಗಿರಣಿ ನೋಡಿ ಬೆಳೆದವರಿಗೆ ಪಿಸ್ಟನ್ ಹೊಸದಲ್ಲ. ಮಾತಾಡುವುದಕ್ಕೆ ಅವರಿಗೇ ವಿಷಯ ಜಾಸ್ತಿ ಇರುತ್ತದೆ.

ಇಳಿಯಬೇಕಾದ ಸ್ಟೇಷನ್ ಕಬ್ಬನ್ ಪಾರ್ಕ್. ನೀವು ನಡೆಯಬಹುದು, ಅವರಿಗೆ ಆಟೋ ಮಾಡಿ.

ಇನ್ನೊಂದು ಆಯ್ಕೆ ಹೈಗ್ರೌಂಡ್ಸಿನ ನೆಹರೂ ತಾರಾಲಯ, 1989ರಿಂದ ಇದೆ. ಕನ್ನಡದ ಪ್ರದರ್ಶನ, ಇಂಗ್ಲಿಷಿನದ್ದು ಬೇರೆ ಬೇರೆ ಹೊತ್ತಿಗೆ ಇರುತ್ತವೆ. ಕನ್ನಡದ್ದೇ ಅಂತ ನೋಡಿ ಟಿಕೆಟ್ ತೆಗೆದುಕೊಳ್ಳಿ. ಸೋಮವಾರ ರಜೆ. ಕುರ್ಚಿ ಹಿಂದಕ್ಕೆ ಒರಗುತ್ತದೆ, ಕತ್ತಲಾಗುತ್ತದೆ, ತಣ್ಣಗಿರುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದವರು ಶನಿವಾರವೇ ಹೋದರೆ ಶನಿಗ್ರಹ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಾರೆ. ನನ್ನ ಹೆಂಡತಿ ಮೂರು ಸಲ ಬಂದಿದ್ದಾಳೆ, ಇನ್ನೂ ಗುರುಗ್ರಹ ದಾಟಿಲ್ಲ.

ಜೆಪಿ ನಗರ ಏಳನೇ ಹಂತ:

ನಮ್ಮ ಏರಿಯಾದ್ದು ಯಾರೂ ಹೇಳಲೇ ಇಲ್ಲವಲ್ಲ! ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್. ಬರೀ ಸಂಗೀತದ ಮ್ಯೂಸಿಯಂ, 2019ರಲ್ಲಿ ಶುರುವಾಯಿತು. ಬಿಸ್ಮಿಲ್ಲಾ ಖಾನರ ಶಹನಾಯಿ ಗಾಜಿನೊಳಗಿದೆ. ಆದರೆ ಅಲ್ಲಿ ಜಾಸ್ತಿ ಕೆಲಸ ಕಿವಿಗೆ. ಹೆಡ್‌ಫೋನ್ ಹಾಕಿಕೊಂಡು ನಿಮಗೆ ಬೇಕಾದದ್ದು ಕೇಳಬಹುದು. ಸೌಂಡ್ ಗಾರ್ಡನ್ ಅಂತ ಇದೆ, ದೊಡ್ಡ ದೊಡ್ಡ ವಾದ್ಯಗಳನ್ನು ಮಕ್ಕಳು ಬಡಿಯಬಹುದು, ಯಾರೂ ಬೈಯುವುದಿಲ್ಲ. ನನ್ನ ಅಮ್ಮ ಹೆಡ್‌ಫೋನ್ ಹಾಕಿಕೊಂಡವರು ಕಣ್ಣು ಮುಚ್ಚಿ ಕೈಯಲ್ಲಿ ತಾಳ ಹಾಕುತ್ತ, ಜೊತೆಗೆ ಜೋರಾಗಿ ಹಾಡಿಬಿಟ್ಟರು. ಅವರಿಗೆ ಅವರ ದನಿ ಕೇಳುತ್ತಿರಲಿಲ್ಲ, ಇಡೀ ಹಾಲಿಗೆ ಕೇಳುತ್ತಿತ್ತು.

ವಿಜಯನಗರದಿಂದ ದೂರ ಅನ್ನುವುದು ನಿಜ. ಬಂದರೆ ಸಂಜೆಗೆ ರಂಗಶಂಕರದ ನಾಟಕವನ್ನೂ ಸೇರಿಸಿಕೊಳ್ಳಿ, ಆ ರಂಗಮಂದಿರ ಜೆಪಿ ನಗರ ಎರಡನೇ ಹಂತದಲ್ಲಿದೆ. ಒಂದು ಎಚ್ಚರಿಕೆ: ನಾಟಕ ಶುರುವಾದಮೇಲೆ ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. 2004ರಿಂದ ಹಾಗೇ. ಟ್ರಾಫಿಕ್ ಅಂದರೂ ಕೇಳುವುದಿಲ್ಲ. ಒಂದು ಗಂಟೆ ಮೊದಲೇ ಬಂದು ಕೆಫೆಯಲ್ಲಿ ಸಾಬೂದಾನ ವಡೆ ತಿನ್ನಿ. ಎಷ್ಟು ವರ್ಷದ ಮಕ್ಕಳನ್ನು ಬಿಡುತ್ತಾರೆ ಅಂತ ಆ ದಿನದ ನಾಟಕಕ್ಕೆ ತಕ್ಕ ಹಾಗೆ ಇರುತ್ತದೆ, ಕೇಳಿಕೊಂಡೇ ಬನ್ನಿ.

ಕವಡೆ ಕಟ್ಟೆ:

ಇಷ್ಟೆಲ್ಲ ಓಡಾಟ ಯಾಕ್ರೀ? ಹಾಲಿನಲ್ಲಿ ಚಾಪೆ ಹಾಸಿ, ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕಾಬಾರ ಬರೆಯಿರಿ. ನಾಲ್ಕು ಕವಡೆ ಸಾಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. 71 ವರ್ಷದವರನ್ನು ಈ ಆಟದಲ್ಲಿ ಸೋಲಿಸಿ ನೋಡೋಣ. ಕಾರ್ಡು ಬೇಡ, ಕಾಲುಚೀಲ ಬೇಡ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಇಂಥ ಹಳೆಯ ಮನೆಯಾಟಗಳನ್ನೆಲ್ಲ ಹುಡುಕಿ, ಚೆಂದದ ಹಾಸು ಕಾಯಿ ಮಾಡಿಸಿ ಪ್ರದರ್ಶನ ಇಡುತ್ತ ಬಂದಿದ್ದಾರೆ. ಮಳೆಯಲ್ಲಿ ಬಜ್ಜಿ ಕರಿದುಕೊಂಡು ಆಡಿ.

ಹಳೇ ಪಾಳಿಯವನು:

ಬಜ್ಜಿ ಕರಿಯುವವರು ಯಾರು? ಆ ಸೊಸೆಯೇ ತಾನೇ. ಅವರಿಗೂ ಒಂದು ರಜೆ ಬೇಡವಾ?

ವಿಜಯನಗರದ ಸೊಸೆ (ಒಂದು ವಾರದ ನಂತರ):

ಹಳೇ ಪಾಳಿಯವರೇ, ಆ ಕೊನೆಯ ಸಾಲಿಗೆ ಕೈ ಮುಗಿದೆ. ಎಲ್ಲರೂ ಊರು ಮುಟ್ಟಿದರು. ವರದಿ ಒಪ್ಪಿಸುತ್ತಿದ್ದೇನೆ.

ಶನಿವಾರ ಮಧ್ಯಾಹ್ನದವರೆಗೆ ಎಲ್ಲರೂ ಮಲಗಿದ್ದರು. ಊಟ ಮುಗಿಸಿ ಮ್ಯೂಸಿಯಂಗೆ ಹೊರಟೆವು. ಕಬ್ಬನ್ ಪಾರ್ಕ್ ಸ್ಟೇಷನ್ನಿನಿಂದ ಹೊರಗೆ ಬರುವಾಗಲೇ ಮಳೆ. ಒಂಬತ್ತು ಜನಕ್ಕೆ ನಾಲ್ಕು ಕೊಡೆ. ಡೈನೋಸಾರ್ ನೋಡಿ ನಮ್ಮ ಮಗಳು ಹೆದರಲಿಲ್ಲ, ಭಾವನ ಮಗಳು, ಎಂಟು ವರ್ಷದವಳು, ಅತ್ತುಬಿಟ್ಟಳು. ಮೇಷ್ಟ್ರು ಹೇಳಿದ ಪೈಲಟ್ ಪ್ರಶ್ನೆ ಕೇಳಿದೆ. ಹುಡುಗ ಮೊಬೈಲ್ ತೆಗೆದು ಉತ್ತರ ಹುಡುಕಿಬಿಟ್ಟ! ಆಮೇಲೆ "ಚಿಕ್ಕಮ್ಮ, ಮಲಗಿ ಓಡಿಸ್ತಿದ್ರಂತೆ" ಅಂತ ತಾನೇ ರೆಕ್ಕೆಯ ಕೆಳಗೆ ಬಗ್ಗಿ ಜಾಗ ತೋರಿಸಿದ. ಇದನ್ನು ಗೆದ್ದೆ ಅನ್ನಬೇಕೋ ಸೋತೆ ಅನ್ನಬೇಕೋ ಗೊತ್ತಾಗಲಿಲ್ಲ.

ಅತ್ತೆ ಇಂಜಿನ್ ಹಾಲಿನಲ್ಲಿ ಸೀಳಿಟ್ಟ ಇಂಜಿನ್ ಎದುರು ನಿಂತು ಗುಂಡಿ ಒತ್ತಿದರು. ನಿಂತಿತು, ಮತ್ತೆ ಒತ್ತಿದರು. ಮೂರನೇ ಸಲ ಒತ್ತಿ, ಮಾವ ಬದುಕಿದ್ದಾಗ ತೋಟದ ಪಂಪಿಗೆ ಹಗ್ಗ ಸುತ್ತಿ ಎಳೆಯುತ್ತಿದ್ದದ್ದು, ಒಂದು ಸಲ ಹಿಡಿಕೆ ತಿರುಗಿ ಬಡಿದು ಅವರ ಮಣಿಕಟ್ಟು ಮುರಿದದ್ದು, ಎಲ್ಲ ಹೇಳಿದರು. ನಮ್ಮವರಿಗೇ ಆ ಕಥೆ ಗೊತ್ತಿರಲಿಲ್ಲ. ಮದುವೆಯ ಫೋಟೋದಲ್ಲಿ ಮಾವನ ಕೈ ಸ್ವಲ್ಪ ಸೊಟ್ಟ ಕಾಣುತ್ತದೆ. ಅದು ಇದಕ್ಕಂತೆ.

ಭಾನುವಾರ ಬೌಲಿಂಗ್, ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಆರು ಜನ ಆಡಿದ್ದು. ಅತ್ತೆ, ಓರಗಿತ್ತಿ ಸೋಫಾದಲ್ಲಿ, ಪುಟ್ಟವಳು ಜಾರುಬಂಡಿ ಸ್ಟ್ಯಾಂಡಿನಲ್ಲಿ ನನ್ನ ಸರದಿಯನ್ನೆಲ್ಲ ತಾನೇ ಆಡಿದಳು, ನಾನು ನೆಪಕ್ಕೆ. ಭಾವ 14ರ ಚೆಂಡನ್ನೇ ಎತ್ತಿದರು. ಹೇಳಿದೆ, ಕೇಳಲಿಲ್ಲ. ಮೂರನೇ ಸರದಿಗೇ ಬದಲಾಯಿಸಿದರು, ನಾಲ್ಕರವರೆಗೂ ಬರಲಿಲ್ಲ.

ಗಮ್ಮತ್ತು ಆಗಿದ್ದು ಅಂಕದ ಪರದೆಯಿಂದ. ನನ್ನ ಗೆಳತಿ ಒಂದೇ ಏಟಿಗೆ ಹತ್ತೂ ಬೀಳಿಸಿದಳು. ನಾವೆಲ್ಲ ಕಿರುಚಿದೆವು. ಪರದೆಯಲ್ಲಿ ಒಂದು ಕತ್ತರಿ ಗುರುತು ಬಂತು, ಅಂಕ ಮಾತ್ರ ಬರಲೇ ಇಲ್ಲ. ಅತ್ತೆಗೆ ಸಿಟ್ಟು. "ಹತ್ತು ಬಿದ್ರೂ ಹತ್ತು ಬರೀಲಿಲ್ವಲ್ಲ, ಇದೂ ಹೋದ ವರ್ಷದ ಕಾರ್ಡಿನ ಹಾಂಗೆ ಮೋಸವೇ" ಅಂದರು. ಶೂ ಕೊಡುವ ಹುಡುಗ ಬಂದು ಬಿಡಿಸಿ ಹೇಳಿದ. ಒಂದೇ ಚೆಂಡಿಗೆ ಹತ್ತೂ ಬಿದ್ದರೆ, ಮುಂದಿನ ಎರಡು ಚೆಂಡಿಗೆ ಎಷ್ಟು ಬೀಳುತ್ತದೋ ಅದನ್ನೂ ಸೇರಿಸಿ ಬರೆಯುವುದು, ಅದಕ್ಕೇ ಕಾಯುತ್ತಿದೆ ಅಂತ. ಒಂದು ಸರದಿಯ ಎರಡೂ ಚೆಂಡು ಸೇರಿ ಹತ್ತಾದರೆ ಮುಂದಿನ ಒಂದೇ ಚೆಂಡು ಸೇರುವುದು. ನಮಗೆ ಯಾರಿಗೂ ಸರಿಯಾಗಿ ತಲೆಗೆ ಹೋಗಲಿಲ್ಲ. ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ಓಹೋ, ಗರ ಬಿದ್ದವರಿಗೆ ಇನ್ನೊಂದು ಆಟ, ಅಷ್ಟೇ ಅಲ್ದಾ" ಅಂದರು.

ಅಲ್ಲಿಂದ ಮುಂದೆ ಅವರದ್ದೇ ಕಾರುಬಾರು. ಪರದೆ ಬರೆಯುವ ಮೊದಲೇ ಬಾಯಲ್ಲಿ ಲೆಕ್ಕ ಹೇಳುವುದು, ಆಮೇಲೆ ಪರದೆ ಸರಿ ಬರೆಯಿತಾ ಅಂತ ನೋಡುವುದು. ಏಳನೇ ಸುತ್ತಿನಲ್ಲಿ ಮೊಮ್ಮಗ 62ರಲ್ಲಿದ್ದ, ಭಾವ 58. ಹುಡುಗ ಏಳು ಪಿನ್ನು ಬೀಳಿಸಿ ಸೋತ ಮುಖ ಹಾಕಿದ. "ಇನ್ನು ಮೂರೂ ಬೀಳಿಸು, ಮುಂದಿನದ್ದು ಸೇರ್ತದೆ, ಅಪ್ಪ ನಿನ್ನ ಹಿಡೀಲಾರ" ಅಂತ ಅತ್ತೆ ಕೂಗಿದರು. ಪಕ್ಕದ ಲೇನಿನವರೂ ತಿರುಗಿ ನೋಡಿದರು. ಅವನು ಮೂರನ್ನೂ ಬೀಳಿಸಲಿಲ್ಲ, ಎರಡು ಬಿತ್ತು. ಆದರೂ ಕೊನೆಗೆ ಗೆದ್ದವನು ಅವನೇ.

ಅವನ ಮೊಬೈಲ್ ಅಷ್ಟು ಹೊತ್ತೂ ಅತ್ತೆಯ ಚೀಲದಲ್ಲಿತ್ತು. ಅವರು ಚೀಲ ಕಾಯುವುದನ್ನು ಮರೆತಿದ್ದರು. ಹೊರಡುವಾಗ ಸೋಫಾದ ಮೇಲೇ ಬಿಟ್ಟು ಬಂದು, ಗೆಳತಿ ಓಡಿ ಹೋಗಿ ತಂದಳು.

ಸಂಗೀತದ ಮ್ಯೂಸಿಯಂಗೆ ಹೋಗಲು ಆಗಲಿಲ್ಲ, ಮಂಡಿಯ ಡಾಕ್ಟರು ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ, ಆಗ. ಕವಡೆ ಕಟ್ಟೆಯವರೇ, ಭಾನುವಾರ ರಾತ್ರಿ ಕರೆಂಟ್ ಹೋಯಿತು, ಚೌಕಾಬಾರವೂ ಆಯಿತು. ಕವಡೆ ಇರಲಿಲ್ಲ, ಹುಣಸೆ ಬೀಜ ಒಂದು ಬದಿ ತೇಯ್ದು ಆಡಿದೆವು. ನನ್ನ ಎರಡು ಕಾಯಿ ಇನ್ನೂ ಕಟ್ಟೆಯಲ್ಲೇ ಇರುವಾಗ ಅತ್ತೆಯ ನಾಲ್ಕೂ ಹಣ್ಣಾಗಿದ್ದವು. ಬಜ್ಜಿ ಹೊರಗಿಂದ ತರಿಸಿದ್ದು.

ಕಾಲುಚೀಲ ಮಾತ್ರ ಮರೆತೆ. ಇಷ್ಟು ಒತ್ತಿ ಹೇಳಿದ್ದರೂ! ಅಲ್ಲೇ ನಾಲ್ಕು ಜೊತೆ ಕೊಂಡೆವು. ಅತ್ತೆ ಆಡದಿದ್ದರೂ ಒಂದು ಜೊತೆ ತಮಗೂ ಇರಲಿ ಅಂತ ಇಟ್ಟುಕೊಂಡಿದ್ದಾರೆ.

ಹಳೇ ಪಾಳಿಯವನು:

ಮೂರು ತಿಂಗಳ ಮೇಲೆ ಅಂದರೆ ಜನವರಿ ಆಗುತ್ತದೆ. ವಾರದ ದಿನ ಬರಲು ಹೇಳಿ, ಲೇನ್ ಖಾಲಿ ಇರುತ್ತದೆ. ಅವರಿಗೂ ಆ ಜಾರುಬಂಡಿ ಸ್ಟ್ಯಾಂಡೇ ಕೇಳಿ, ಮಂಡಿ ಬಗ್ಗಿಸುವ ಹಾಗಿಲ್ಲ.